ಬೆಂಕಿಗೆ ಬಿದ್ದ ಪತ್ರಗಳು

ಕ್ರಿ.ಶ. 69. ರೋಮ್ ಒಂದೇ ವರ್ಷದಲ್ಲಿ ನಾಲ್ವರು ಚಕ್ರವರ್ತಿಗಳನ್ನು ಕಂಡಿತು. ಎರಡನೆಯವನು ಒಥೋ. ಜನವರಿಯಲ್ಲಿ ವೃದ್ಧ ಚಕ್ರವರ್ತಿ ಗಾಲ್ಬಾನನ್ನು ಕೊಲ್ಲಿಸಿ ಪಟ್ಟವೇರಿದವನು. ಆ ಕೊಲೆಯನ್ನು ಮರೆತು ಅವನನ್ನು ಹೊಗಳಲಾಗದು.

ಏಪ್ರಿಲ್ 14ರಂದು ಉತ್ತರ ಇಟಲಿಯ ಬೆಡ್ರಿಯಾಕಮ್ ಬಳಿ ಅವನ ಸೇನೆ ಪಟ್ಟದ ಪ್ರತಿಸ್ಪರ್ಧಿ ವಿಟೆಲ್ಲಿಯಸ್‌ನ ದಂಡಿಗೆ ಸೋತಿತು. ಪೋ ನದಿಯ ದಡದ ಬ್ರಿಕ್ಸೆಲ್ಲಮ್‌ನಲ್ಲಿದ್ದ ಒಥೋಗೆ ಸುದ್ದಿ ಮುಟ್ಟಿತು. ಆದರೂ ಆಟ ಮುಗಿದಿರಲಿಲ್ಲ. ಅವನ ನೆರವಿಗೆ ಹೊರಟ ಡಾನ್ಯೂಬ್ ಗಡಿಯ ಪಡೆಗಳು ಇಟಲಿಯ ಅಕ್ವಿಲೇಯದವರೆಗೆ ಬಂದಿದ್ದವು. ಮತ್ತೆ ಹೋರಾಡೋಣವೆಂದು ಸೈನಿಕರು ಅವನ ಕಾಲಿಗೆ ಬಿದ್ದರು.

ಅವನು ಒಪ್ಪಲಿಲ್ಲ.

ತನ್ನೊಬ್ಬನಿಗಾಗಿ ರೋಮನ್ನರು ರೋಮನ್ನರನ್ನೇ ಇನ್ನೂ ಕೊಲ್ಲುವುದು ಬೇಡವೆಂದ. ಹೊರಡುವವರಿಗೆ ದೋಣಿ, ಗಾಡಿಗಳನ್ನು ಕೊಡಿಸಿದ. ತನ್ನನ್ನು ಮೆಚ್ಚಿ, ವಿಟೆಲ್ಲಿಯಸ್‌ನನ್ನು ಜರೆದು ಬಂದಿದ್ದ ಪತ್ರಗಳನ್ನೆಲ್ಲ ಸುಟ್ಟುಹಾಕಿದ. ಗೆದ್ದವನ ಕೈಗೆ ಅವು ಸಿಕ್ಕಿದ್ದರೆ ಬರೆದವರ ತಲೆ ಉಳಿಯುತ್ತಿರಲಿಲ್ಲ. ಸೋತವನೊಬ್ಬ ಆ ಹೊತ್ತಿನಲ್ಲಿ ಪರರ ಪ್ರಾಣದ ಬಗ್ಗೆ ಯೋಚಿಸಿದ್ದು ಸಣ್ಣ ಮಾತಲ್ಲ. ಅಣ್ಣನ ಎಳೆಯ ಮಗ ಅಳುತ್ತಿದ್ದಾಗ ಅವನಿಗೆ ಧೈರ್ಯ ಹೇಳಿದ. ಮರುದಿನ ನಸುಕಿನಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡ. ಆಗ ಅವನಿಗೆ 36 ವರ್ಷ. ಆಳಿದ್ದು ಮೂರು ತಿಂಗಳು.

ಚರಿತ್ರೆಕಾರ ಸ್ವೆಟೋನಿಯಸ್‌ನ ತಂದೆ ಆ ಸೇನೆಯಲ್ಲೇ ಅಧಿಕಾರಿಯಾಗಿದ್ದ. ಒಥೋಗೆ ಅಂತರ್ಯುದ್ಧವೆಂದರೆ ಮೊದಲಿಂದಲೂ ಅಸಹ್ಯವಿತ್ತೆಂದು ಆತ ಹೇಳುತ್ತಿದ್ದನಂತೆ. ಹಾಗಿದ್ದರೆ ಜನವರಿಯ ಆ ಕೊಲೆ? ಒಥೋನನ್ನು ಓದುವವರನ್ನು ಈ ಪ್ರಶ್ನೆ ಕಾಡದೆ ಬಿಡದು.

ಅವನು ಬಯಸಿದ ಶಾಂತಿ ಬರಲಿಲ್ಲ. ಅಕ್ಟೋಬರಿನಲ್ಲಿ ಅದೇ ಬೆಡ್ರಿಯಾಕಮ್ ಬಳಿ, ನಾಲ್ಕನೆಯ ಚಕ್ರವರ್ತಿಯಾಗಲಿದ್ದ ವೆಸ್ಪಾಸಿಯನ್‌ನ ಪಕ್ಷದವರು ವಿಟೆಲ್ಲಿಯಸ್‌ನ ಸೇನೆಯನ್ನು ಸೋಲಿಸಿ, ಪಕ್ಕದ ಕ್ರೆಮೋನಾ ನಗರವನ್ನು ಸುಟ್ಟರು. ಡಿಸೆಂಬರಿನಲ್ಲಿ ವಿಟೆಲ್ಲಿಯಸ್ ರೋಮಿನ ಬೀದಿಯಲ್ಲಿ ಕೊಲೆಯಾದ.