ನೆಲಕ್ಕೆ ಬಿಟ್ಟ ನೀರಿನ ಲೆಕ್ಕ
(ಸಂಘದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಯಮುನೆಯ ಮಾಲಿನ್ಯವನ್ನು ಕುರಿತು ಈ ನಗರದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ನದಿಯ ನೊರೆ ಕಣ್ಣಿಗೆ ಕಾಣುತ್ತದೆ, ಪತ್ರಿಕೆಗಳಲ್ಲಿ ಅದರ ಚಿತ್ರ ಅಚ್ಚಾಗುತ್ತದೆ. ಆದರೆ ಕಾರ್ಖಾನೆಯ ತ್ಯಾಜ್ಯಜಲವನ್ನು ನದಿಗೆ ಬಿಡದೆ ನೆಲಕ್ಕೆ ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ವಿರಳ. ಇಂದು ಆ ಪ್ರಶ್ನೆಯನ್ನೇ ತಮ್ಮ ಮುಂದಿಡಬಯಸುತ್ತೇನೆ. ನಾನು ಸರ್ಕಾರಿ ನೌಕರನಾದರೂ ಇಲ್ಲಿ ಆಡುವ ಮಾತು ಒಬ್ಬ ನಾಗರಿಕನದು.

ಭೂಮಿಗೆ ಕೊಳೆಯನ್ನು ಅರಗಿಸುವ ಶಕ್ತಿಯಿದೆ ಎಂಬುದು ನಿಜ. ಮಣ್ಣಿನ ಸೂಕ್ಷ್ಮಜೀವಿಗಳು ಸಾವಯವ ಪದಾರ್ಥವನ್ನು ವಿಘಟಿಸುತ್ತವೆ. ಬೇರುಗಳು ಸಾರಜನಕವನ್ನು ಹೀರುತ್ತವೆ. ಜೇಡಿಮಣ್ಣಿನ ಕಣಗಳು ಲೋಹಗಳನ್ನು ಹಿಡಿದಿಡುತ್ತವೆ. ಆದರೆ ಈ ಶಕ್ತಿಗೆ ಮಿತಿಯಿದೆ. ಕರಗಿದ ಉಪ್ಪು ಮತ್ತು ಬೆಳೆ ಬಳಸದೆ ಉಳಿದ ನೈಟ್ರೇಟ್ ನೀರಿನೊಡನೆ ಕೆಳಗಿಳಿಯುತ್ತವೆ; ಮಣ್ಣಲ್ಲಿ ಉಳಿದ ಲೋಹ ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆ. ದೆಹಲಿಯ ಕೇಶೋಪುರದ ಕೊಳಚೆನೀರಿನಿಂದ 20 ವರ್ಷ ನೀರಾವರಿ ಕಂಡ ಹೊಲಗಳಲ್ಲಿ, ಸಸ್ಯಗಳಿಗೆ ದೊರಕುವ ರೂಪದ ಸತು, ತಾಮ್ರ, ನಿಕ್ಕಲ್, ಸೀಸ ಗಣನೀಯವಾಗಿ ಹೆಚ್ಚಿದ್ದುದನ್ನು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಇನ್ನು ಕಾನೂನಿನ ಮಾತು. 1974ರ ಜಲಮಾಲಿನ್ಯ ನಿವಾರಣಾ ಮತ್ತು ನಿಯಂತ್ರಣ ಕಾಯಿದೆ ಈ ಪದ್ಧತಿಯನ್ನು ನಿಷೇಧಿಸಲಿಲ್ಲ. ವರ್ಷದ ಬಹುಭಾಗ ನದಿಗಳಲ್ಲಿ ನೀರು ಸಾಲದ ನಾಡಿನಲ್ಲಿ, ತ್ಯಾಜ್ಯವನ್ನು ಭೂಮಿಯ ಮೇಲೆ ವಿಲೇವಾರಿ ಮಾಡುವ ಸಮರ್ಥ ವಿಧಾನಗಳನ್ನು ರೂಪಿಸುವುದು ರಾಜ್ಯ ಮಂಡಲಿಗಳ ಕರ್ತವ್ಯವೆಂದೇ ಅದು ಹೇಳಿತು. ಅದೇ ಕಾಯಿದೆಯ ವ್ಯಾಖ್ಯೆಯಲ್ಲಿ ‘ಹೊಳೆ’ ಎಂಬ ಪದ ಭೂಗತ ಜಲವನ್ನೂ ಒಳಗೊಳ್ಳುತ್ತದೆ. ಅಂದರೆ ಹೊಲಕ್ಕೆ ಬಿಟ್ಟ ತ್ಯಾಜ್ಯ ಅಂತರ್ಜಲವನ್ನು ಮುಟ್ಟಿದರೆ ಅದು ಹೊಳೆಯನ್ನು ಕೆಡಿಸಿದಂತೆಯೇ.

ಆದರೆ ಮಾನದಂಡಗಳನ್ನು ನೋಡಿ. 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನಕದಂತೆ, ಒಳನಾಡಿನ ಜಲಮೂಲಗಳಿಗೆ ಬಿಡುವ ತ್ಯಾಜ್ಯದಲ್ಲಿ ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ನೀರಾವರಿಗೆಂದು ನೆಲಕ್ಕೆ ಬಿಟ್ಟರೆ 100ರವರೆಗೆ ಅವಕಾಶ. ಉಳಿದುದನ್ನು ಮಣ್ಣು ನೋಡಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ತರ್ಕ. ಆದರೆ ಈ ಅಂಕಿ ಒಂದು ಲೀಟರಿನ ಲೆಕ್ಕ ಹೇಳುತ್ತದೆಯೇ ಹೊರತು ಎಕರೆಗೆ ಎಷ್ಟು ಲೀಟರ್ ಎಂಬುದನ್ನಲ್ಲ. ರೈತ ಬೆಳೆ ಬೇಡಿದಾಗ ನೀರು ಹಾಯಿಸುತ್ತಾನೆ. ಕಾರ್ಖಾನೆಗೆ ಮಳೆಗಾಲದಲ್ಲೂ ನೀರನ್ನು ಹೊರಹಾಕಲೇಬೇಕು. ಮೊದಲನೆಯದು ನೀರಾವರಿ, ಎರಡನೆಯದು ಬರಿಯ ವಿಸರ್ಜನೆ. ಎರಡನ್ನೂ ಒಂದೇ ಹೆಸರಿನಿಂದ ಕರೆದಾಗ ಅನರ್ಥ ಆರಂಭವಾಗುತ್ತದೆ.

ಅನರ್ಥದ ಪರಮಾವಧಿಯನ್ನು ರಾಜಸ್ಥಾನದ ಉದಯಪುರದ ಸಮೀಪದ ಬಿಛಡಿ ಗ್ರಾಮ ಕಂಡಿತು. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿ ತಯಾರಾದ ‘ಎಚ್ ಆಮ್ಲ’ದ ವಿಷಕಶ್ಮಲ ನೆಲಕ್ಕಿಳಿದು ಬಾವಿಗಳ ನೀರು ಕಪ್ಪಾಯಿತು, ಕುಡಿಯಲೂ ಬೆಳೆಗೂ ಬಾರದಾಯಿತು. 1996ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಕೆಡಿಸಿದವನೇ ವೆಚ್ಚ ತೆರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಆದರೂ 37 ಕೋಟಿಗೂ ಮೀರಿದ ಆ ಪರಿಹಾರ ವೆಚ್ಚವನ್ನು ಬಡ್ಡಿಸಹಿತ ಕಟ್ಟಬೇಕೆಂದು 2011ರಲ್ಲಿ ಅದೇ ನ್ಯಾಯಾಲಯ ಮತ್ತೆ ಆದೇಶಿಸಬೇಕಾಯಿತು. ತೀರ್ಪು ಬಂದು 15 ವರ್ಷ ಕಳೆದಿದ್ದವು. ನಮ್ಮ ನೆರೆಯ ಹಿಂಡನ್ ನದೀ ಪ್ರದೇಶದ ಹಳ್ಳಿಗಳಲ್ಲೂ ಕಲುಷಿತ ಕೈಪಂಪುಗಳನ್ನು ಮುಚ್ಚಿಸಲು ಹಸಿರು ನ್ಯಾಯಾಧಿಕರಣವೇ ಮುಂದೆ ಬರಬೇಕಾಯಿತು. ಹರಿಯುವ ನದಿ ಕೆಲವು ಮಳೆಗಾಲಗಳಲ್ಲಿ ತಕ್ಕಮಟ್ಟಿಗೆ ಚೇತರಿಸಿಕೊಂಡೀತು. ಕೆಟ್ಟ ಅಂತರ್ಜಲ ಒಂದು ತಲೆಮಾರಿನಲ್ಲಿ ತಿಳಿಯಾಗುವುದು ದುರ್ಲಭ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಸಮ್ಮತಿಪತ್ರದಲ್ಲಿ ಸಾಂದ್ರತೆಯ ಜೊತೆಗೆ ಎಕರೆವಾರು ನೀರಿನ, ಉಪ್ಪಿನ ಮತ್ತು ಸಾರಜನಕದ ಮಿತಿಯನ್ನು ನಮೂದಿಸಬೇಕು. ಎರಡನೆಯದಾಗಿ, ಅನುಮತಿಗೆ ಮುನ್ನವೇ ಮಣ್ಣಿನ ಆಳ, ಅಂತರ್ಜಲದ ಮಟ್ಟ ಮತ್ತು ಹರಿವಿನ ದಿಕ್ಕನ್ನು ಅಳೆದು, ಮೇಲ್ದಿಕ್ಕಿನಲ್ಲೊಂದು, ಕೆಳದಿಕ್ಕಿನಲ್ಲಿ ಕೆಲವು ಪರೀಕ್ಷಾ ಬಾವಿಗಳನ್ನು ತೋಡಿಸಬೇಕು. ಮೊದಲಿನ ನೀರು ಹೇಗಿತ್ತೆಂದು ಬರೆದಿಡದಿದ್ದರೆ ಮುಂದೆ ಕೆಟ್ಟಿತೆಂದು ಸಾಧಿಸುವುದು ಹೇಗೆ? ಮೂರನೆಯದಾಗಿ, ಮಳೆಗಾಲದ ತ್ಯಾಜ್ಯವನ್ನು ತಡೆದಿಡಲು ಸೋರದ ಕೊಳಗಳು ಕಡ್ಡಾಯವಾಗಬೇಕು. ನಾಲ್ಕನೆಯದಾಗಿ, ಪರೀಕ್ಷೆಯ ಫಲಿತಾಂಶ ಕಡತದಲ್ಲಿ ಕೊಳೆಯದೆ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರಬೇಕು.

ಇದಕ್ಕೆ ಈಗ ಇನ್ನೊಂದು ಕಾರಣವೂ ಇದೆ. 2024ರ ತಿದ್ದುಪಡಿ ಜಲ ಕಾಯಿದೆಯ ಹಲವು ಅಪರಾಧಗಳಿಗೆ ಸೆರೆವಾಸವನ್ನು ಕೈಬಿಟ್ಟು, 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗಿನ ದಂಡವನ್ನು ವಿಧಿಸಿದೆ. ಕೇಂದ್ರಾಡಳಿತ ಪ್ರದೇಶವಾದ ದೆಹಲಿಗೂ ಅದು ಅನ್ವಯಿಸುತ್ತದೆ. ವಿಳಂಬಿಸುವ ನ್ಯಾಯಾಲಯಕ್ಕಿಂತ ಬೇಗ ಬೀಳುವ ದಂಡ ಮೇಲೆಂಬ ವಾದದಲ್ಲಿ ಹುರುಳಿದೆ. ಆದರೆ ದೊಡ್ಡ ಉದ್ಯಮಕ್ಕೆ ದಂಡವೂ ಒಂದು ಖರ್ಚಿನ ಬಾಬತ್ತಾಗಬಾರದು. ಶಿಕ್ಷೆ ಹಗುರವಾದಷ್ಟೂ ಅನುಮತಿಯ ಹಂತದ ಎಚ್ಚರ ಹೆಚ್ಚಬೇಕು.

ಇದು ದೆಹಲಿಯ ಚಿಂತೆ ಮಾತ್ರವಲ್ಲ. 2018ರಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಹರಿದಾಗ, ಬತ್ತಿದ ಬಾವಿಗಳ ಜಿಲ್ಲೆ ಹರ್ಷಿಸಿತು. ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಾಗ ಅದೇ ಜಿಲ್ಲೆ ಬೆದರಿತು. ಹರ್ಷ, ಭಯ ಎರಡೂ ನ್ಯಾಯವಾದುವೇ. ಬಾಯಾರಿದ ನೆಲಕ್ಕೆ ನೀರು ಬೇಕು ನಿಜ. ಬೇಕೆಂಬ ಕಾರಣಕ್ಕೆ ಎಂಥ ನೀರೆಂದು ಕೇಳುವ ಹಕ್ಕನ್ನು ಆ ಜನ ಬಿಟ್ಟುಕೊಡಬೇಕಾಗಿಲ್ಲ. ಊರಿಗೆ ಹೋದಾಗ ಆ ಪ್ರಶ್ನೆಯನ್ನು ಅಲ್ಲಿ ಕೇಳೋಣ. ಇಲ್ಲಿರುವಷ್ಟು ದಿನ ಇಲ್ಲಿಯೂ ಕೇಳೋಣ. ನಾವು ಕುಡಿಯುವುದು ಈ ನೆಲದ ನೀರನ್ನೇ.