ಮನೆಮಾತೇ ನಿಮ್ಮ ಬಂಡವಾಳ



ನಾನು ಪಿಯುಸಿ ಮುಗಿಸಿ ಪ್ರೆಸ್ಸು ಸೇರಿದವನು. ಮೊನ್ನೆ ಹುಡುಗನೊಬ್ಬ ಅಮೆರಿಕದಲ್ಲಿ ಭಾಷಾವಿಜ್ಞಾನ ಓದಲು ಬರೆದ ಅರ್ಜಿಯನ್ನು ಪ್ರಿಂಟಿಗೆ ತಂದ. ಅದರಲ್ಲಿ ಕನ್ನಡದ ಸುದ್ದಿಯೇ ಇಲ್ಲ! ಕೇಳಿದರೆ, “ಕನ್ನಡ ಅಂದ್ರೆ ಅಲ್ಲಿ ಯಾರು ಕೇಳ್ತಾರೆ ಸಾರ್?” ಅಂದ.

ಕೇಳುತ್ತಾರಪ್ಪಾ! ಮೈಸೂರಿನ ಎ.ಕೆ. ರಾಮಾನುಜನ್ ತಮ್ಮ ಮನೆಮಾತು ತಮಿಳಿನ ವ್ಯಾಕರಣದ ಮೇಲೆಯೇ ಪ್ರಬಂಧ ಬರೆದು, 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಪಿಎಚ್.ಡಿ. ಪಡೆದರು.

ಅಲ್ಲಿ ಪಿಎಚ್.ಡಿ.ಗೆ ಸಾಮಾನ್ಯವಾಗಿ ಶುಲ್ಕ ಮನ್ನಾ, ಮೇಲೆ ಭತ್ಯೆ. ಎಂ.ಎ.ಗೆ ಹೆಚ್ಚಾಗಿ ಕೈಯಿಂದಲೇ ಖರ್ಚು. ಅರ್ಜಿಯ ಗಡುವು ಬಹುತೇಕ ಡಿಸೆಂಬರ್ ಆಸುಪಾಸು. ಮೇಷ್ಟ್ರುಗಳ ಮೂರು ಶಿಫಾರಸು ಪತ್ರ ಬೇಕು. ಬರಹದ ಮಾದರಿಯೊಂದನ್ನೂ ಕೇಳುತ್ತಾರೆ. ಆ ಬರಹ ಕನ್ನಡದ ಮೇಲಿರಲಿ. ‘ನಾನು ಬಂದೆ’ ಅನ್ನುವ ನಾವು ‘ನನಗೆ ಹಸಿವಾಯ್ತು’ ಅನ್ನುವುದೇಕೆ? ಇಂಥದನ್ನು ಹಿಡಿದು ಬರೆಯಿರಿ.

ಹೋಗಿ ಬನ್ನಿ, ಕನ್ನಡವನ್ನೂ ಜೊತೆಗೆ ಒಯ್ಯಿರಿ.

ಸಿರಿಗನ್ನಡಂ ಗೆಲ್ಗೆ!