ಸಂಕೋಚ ಬೇಡ, ತಪಾಸಣೆ ಬೇಕು



ಜ್ವರ ಬಂದರೆ ಎಲ್ಲರಿಗೂ ಹೇಳುತ್ತೇವೆ. ಕೆಲವು ಕಾಯಿಲೆಗಳನ್ನು ಮಾತ್ರ ನಾಚಿಕೆಯಿಂದ ಮುಚ್ಚಿಡುತ್ತೇವೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ತಾಯಿಗೆ ಒಂದು ಹನಿ ರಕ್ತಸ್ರಾವವಾದರೂ ವೈದ್ಯರಿಗೆ ತೋರಿಸಲೇಬೇಕು. ಮಹಿಳಾ ವೈದ್ಯರೇ ಬೇಕೆಂದು ಕೇಳಬಹುದು. ತಂದೆ ರಾತ್ರಿ ಮೂರು-ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದರೆ ‘ವಯಸ್ಸಾಯಿತು’ ಎಂದು ಬಿಡಬೇಡಿ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು; ಎರಡಕ್ಕೂ ಚಿಕಿತ್ಸೆ ಇದೆ. ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೂ, ನೋವಿಲ್ಲದಿದ್ದರೂ, ತಡಮಾಡಬಾರದು.

ವಿದ್ಯಾರ್ಥಿನಿಯರೇ, ಸದಾ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ.

ಅಮ್ಮಿ, ಅಬ್ಬಾ ತಾವಾಗಿ ಹೇಳುವುದಿಲ್ಲ. ಓದಿದ ಮಕ್ಕಳೇ ಕೇಳಬೇಕು, ಜೊತೆಗೆ ಆಸ್ಪತ್ರೆಗೆ ಹೋಗಬೇಕು. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.